2000 ನಂಬರಿನ ನಯ

ಭಾನುವಾರ ಸಂಜೆ ಮುಂಬಯಿಯ ಮಾಟುಂಗಾದಲ್ಲಿರುವ ಶೆಟ್ರ ಬಾಲ್ಕನಿಗೆ ಜಯಂತ ಬಂದಾಗ ಅವನ ಬೆರಳ ತುದಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು.

"ಏನೋ ಇದು, ಪಾತ್ರೆ ಬೆಳಗಿ ಬಂದ್ಯಾ?" ಎಂದರು ರಾಯರು.

ಜಯಂತ ಮಾತಾಡಲಿಲ್ಲ. ಕನ್ನಡಕ ಒರೆಸುವ ಬಟ್ಟೆಯ ಗಂಟೊಂದನ್ನು ಜೇಬಿನಿಂದ ತೆಗೆದು, ನಿಧಾನಕ್ಕೆ ಬಿಚ್ಚಿ, ಮೇಜಿನ ಮೇಲಿಟ್ಟ. ಕರೀ ಹಿಡಿಯ ಮಡಚುವ ಚಾಕು.

"ಮುಟ್ಟಿ ನೋಡಿ."

ಕುಲಕರ್ಣಿ ಮುಟ್ಟಿದರು. "ಚಾಕು ಐತಿ."

"ಚಾಕು ಬಿಡಿ ಸರ್. ಹಿಡಿ ಮುಟ್ಟಿ, ಹಿಡಿ. ಇದು ಜಿ-10. ಗಾಜಿನ ನಾರಿನ ಬಟ್ಟೆಯನ್ನ ಪದರ ಪದರವಾಗಿ ಎಪಾಕ್ಸಿ ಅಂಟಲ್ಲಿ ಒತ್ತಿ ಮಾಡಿರ್ತಾರೆ. ಮೇಲೆ ತರಿತರಿ ಇರುತ್ತೆ. ಜೇಬಿಗೆ ಸಿಕ್ಕಿಸಿದ್ರೆ ಕ್ಲಿಪ್ಪಿನ ಕೆಳಗೆ ಪ್ಯಾಂಟಿನ ಬಟ್ಟೆ ಸವೆದುಹೋಗುತ್ತೆ. ಅದಕ್ಕೇ ಉಜ್ಜಿದೆ. ಮೊದಲು 400 ನಂಬರಿನ ಪಾಲಿಶ್ ಪೇಪರ್. ಆಮೇಲೆ 800, 1500, ಕೊನೆಗೆ 2000. ನಂಬರು ಏರಿದಷ್ಟೂ ಪೇಪರ್ ನಯ. ನೀರು ಹಾಕಿಯೇ ಉಜ್ಜಬೇಕು, ಇಲ್ಲಾಂದ್ರೆ ಗಾಜಿನ ಧೂಳು ಎದೆಗೆ ಹೋಗುತ್ತೆ. ಮಾಸ್ಕ್ ಹಾಕ್ಕೊಂಡೇ ಕೂತಿದ್ದೆ."

"ಎಷ್ಟು ಹೊತ್ತು?"

"ನಾಲ್ಕು ಭಾನುವಾರ."

"ಕೊರೊನಾ ಬಂದಾಗ ಮಾಸ್ಕ್ ಹಾಕೋ ಅಂತ ಇವನ ಕಾಲು ಹಿಡಿದಿದ್ವಿ" ಎಂದರು ಕುಲಕರ್ಣಿ.

ರಾಯರು ಚಾಕುವನ್ನು ಬೆಳಕಿಗೆ ಹಿಡಿದು ನೋಡಿದರು. "ದೂರದ ಬೆಟ್ಟ ನುಣ್ಣಗೆ ಅಂತಾರೆ. ನೀನು ಬೆಟ್ಟಾನ ಮನೆಗೇ ತಂದು ಉಜ್ಜಿದೀಯ. ಸರಿ, ಇದರಲ್ಲಿ ಇಲ್ಲೀತನಕ ಏನು ಕತ್ತರಿಸಿದೆ?"

"ಕೊರಿಯರ್ ಡಬ್ಬ."

"ಒಳಗೇನಿತ್ತು?"

ಜಯಂತ ರಸ್ತೆ ಕಡೆ ತಿರುಗಿದ. "2000 ನಂಬರಿನ ಪೇಪರ್."

"ಅದಕ್ಕೂ ಮುಂಚಿನ ಡಬ್ಬದಲ್ಲಿ?"

"1500."

"ಅಂದ್ರೆ ಈ ಚಾಕು ತನ್ನ ಮೇಕಪ್ ಸಾಮಾನು ತಾನೇ ಬಿಚ್ಚಿಕೊಳ್ಳುತ್ತೆ. ಉಪಕಾರಿ."

"ಹಾಗಲ್ಲ ರಾಯರೇ, ಬೇರೆ ಕಡೆ ಒಯ್ಯೋಕಾಗಲ್ಲ. ಮೆಟ್ರೋಲಿ ಬಿಡಲ್ಲ, ವಿಮಾನದಲ್ಲಿ ಬಿಡಲ್ಲ. ಅಡುಗೆಮನೆಗೆ ಸುಮಾ ಬಿಡಲ್ಲ. ಗಾಜು ಉಜ್ಜಿದ ಚಾಕು ತರಕಾರಿಗೆ ಬೇಡ ಅಂತಾಳೆ."

"ಪಾಪ. ಮನೆಯೊಳಗೇ ಗಡೀಪಾರು."

ಕುಲಕರ್ಣಿಯವರಿಗೆ ಇಸವಿ ಹೇಳದಿದ್ದರೆ ಸಂಜೆಯ ಚಹಾ ಜೀರ್ಣವಾಗುವುದಿಲ್ಲ. "ಸ್ವಿಸ್ ಸೈನ್ಯಕ್ಕ 1891ರಾಗ ಮಡಚೋ ಚಾಕು ಕೊಟ್ಟರು. ಮರದ ಹಿಡಿ. ಡಬ್ಬಿ ಊಟ ತೆರೀಲಿಕ್ಕೆ, ಬಂದೂಕಿನ ಸ್ಕ್ರೂ ಬಿಚ್ಚಲಿಕ್ಕೆ. ಸೈನಿಕರಿಗೆ ಹಿಡಿ ಉಜ್ಜಲಿಕ್ಕೆ ಬಿಡುವೆಲ್ಲಿತ್ತು?"

"ಅವರಿಗೆ ಬಿಡುವೋ ಬಿಡುವು" ಎಂದರು ರಾಯರು. "ಆಮೇಲೆ ಒಂದು ಯುದ್ಧಕ್ಕೂ ಹೋದವರಲ್ಲ. ಆದರೂ ಉಜ್ಜಲಿಲ್ಲ ನೋಡಿ, ಅದು ಶಿಸ್ತು. ಅದೆಲ್ಲ ಯಾಕೆ, ನಮ್ಮ ಲೋಕಲ್ ಟ್ರೈನಿನ ಬಾಗಿಲ ನಡುವಿನ ಕಂಬ ಮುಟ್ಟಿದೀಯಾ? ಬೆಣ್ಣೆ. ಯಾವ ನಂಬರಿನ ಪೇಪರ್ ಅದಕ್ಕೆ? ದಾದರಿನಲ್ಲಿ ಇಳಿಯೋಕಾಗದೆ ಕುರ್ಲಾಕ್ಕೆ ಹೋದವರ ನಂಬರು."

ಅಷ್ಟರಲ್ಲಿ ಶೆಟ್ರು ಬುಟ್ಟಿ ತುಂಬ ಆಪೂಸ್ ತಂದಿಟ್ಟರು. ಮೇ ತಿಂಗಳ ಸೆಕೆ. ಆಗಷ್ಟೇ ನೀರಿನಿಂದ ತೆಗೆದ ಹಣ್ಣು, ಇನ್ನೂ ತೊಟ್ಟಿಕ್ಕುತ್ತಿದ್ದವು.

"ಎಂತ ಉಪನ್ಯಾಸ ಮಾರಾಯ್ರೆ. ಜಯಂತಾ, ನಿನ್ನ ಚಾಕುವಿನಲ್ಲೇ ಹೆಚ್ಚು."

ಜಯಂತನ ಮುಖ ಅರಳಿತು. ಒಂದು ಕೆನ್ನೆ ಸಲೀಸಾಗಿ ಬಂತು. ಎರಡನೆಯದಕ್ಕೆ ತಿರುಗಿಸುವಾಗ ರಸ ಅಂಗೈಗೆ ಇಳಿಯಿತು, ನಾಲ್ಕು ಭಾನುವಾರದ ನುಣುಪು ಜಾರಿತು, ಚಾಕು ಬಾಲ್ಕನಿಯ ಸರಳಿಗೆ ಟಣ್ ಅಂತ ಬಡಿದು ತುಳಸಿ ಕುಂಡದ ಮಣ್ಣಲ್ಲಿ ನಿಂತಿತು. ಬೆರಳು ಉಳಿದಿದ್ದು ತುಳಸಿಯಮ್ಮನ ದಯೆ.

"ತರಿತರಿ ಯಾಕೆ ಇಟ್ಟಿದ್ರು ಅಂತ ಈಗ ಗೊತ್ತಾಯ್ತಾ?" ಎಂದರು ರಾಯರು. "ಹಿಡಿ ಅಂದ್ರೆ ಹಿಡಿಯೋಕಪ್ಪಾ. ಸವರೋಕಲ್ಲ."

ಶೆಟ್ರು ಒಳಗೆ ಹೋಗಿ ತಮ್ಮ ಚಾಕು ತಂದರು. ಹನ್ನೆರಡನೇ ವಯಸ್ಸಿಗೆ ಊರು ಬಿಟ್ಟು ಬಂದು, ಹೋಟೆಲ್ಲಿನಲ್ಲಿ ಈರುಳ್ಳಿ ಹೆಚ್ಚಲು ಕೂತಾಗ ಸಿಕ್ಕಿದ್ದಂತೆ. ಅಲಗು ಸವೆದು ಅರ್ಧ ಆಗಿತ್ತು. ಮರದ ಹಿಡಿ, ಮೂರು ಹಿತ್ತಾಳೆ ಮೊಳೆ. ಒಂದು ಪಕ್ಕದಲ್ಲಿ ಹೆಬ್ಬೆರಳಿನಷ್ಟು ತಗ್ಗು, ಹುಣಸೆಬೀಜದ ಹಾಗೆ ನುಣುಪು.

ಜಯಂತ ಸವರಿ ನೋಡಿದ. ಸುಮಾರು ಹೊತ್ತು ಸವರಿದ. "ಇದು ನನ್ನ 2000ಕ್ಕಿಂತ ಜಾಸ್ತಿ ನಯ ಇದೆ."

"ನಯ ಇರದೆ ಏನು?" ರಾಯರು ಶೆಟ್ರ ಅಂಗೈ ತಿರುಗಿಸಿ ತೋರಿಸಿದರು. "ತರಿಯೆಲ್ಲ ಇಲ್ಲಿಗೆ ಬಂದಿದೆ."

ಜಯಂತ ಚಾಕು ಹಿಡಿದು ಹಣ್ಣಿಗೆ ಹಾಕಲು ಹೋದ. ಆ ತಗ್ಗಿನಲ್ಲಿ ಹೆಬ್ಬೆರಳು ಕೂರಲೇ ಇಲ್ಲ. ತಿರುಗಿಸಿದ, ಆಗಲಿಲ್ಲ. ಕೊನೆಗೆ ಸುಮ್ನೆ ಎಡಗೈಗೆ ಬದಲಾಯಿಸಿದ. ಅಳತೆ ತೆಗೆದು ಕೊರೆದಂತೆ ಕೂತಿತು.

"ಶೆಟ್ರೆ, ನೀವು ಎಡಚರಾ?"

ಇಪ್ಪತ್ತು ವರ್ಷದಿಂದ ಇದೇ ಬಾಲ್ಕನಿಯಲ್ಲಿ ಕೂತವರು ನಾವು. ಶೆಟ್ರು ಬರೆಯುವುದು ಬಲಗೈ, ಉಣ್ಣುವುದು ಬಲಗೈ.

"ಊರಲ್ಲಿ ಅಪ್ಪ ಹೊಡೆದು ಹೊಡೆದು ಬಲಗೈ ಮಾಡಿಸಿದ್ರು" ಎಂದರು ಶೆಟ್ರು, ಗೊರಟು ಚೀಪುತ್ತಾ. "ಹೋಟೆಲ್ಲಿನ ಅಡುಗೆಮನೆಯಲ್ಲಿ ಯಾರು ನೋಡ್ತಾರೆ? ಗೋಡೆ ಕಡೆ ಮುಖ ಮಾಡಿ ಕೂತ್ರೆ ಆಯ್ತಲ್ಲ. ಕೊಡು ಇಲ್ಲಿ, ನೀನು ಹಣ್ಣು ಹಾಳು ಮಾಡ್ತಿ."