ಅಡಿಕೆ ಸುಲಿದರೂ ಹೆಜ್ಜೆ ಎಣಿಸುವ ವಾಚು

ಬದಿಯಡ್ಕದ ಕೃಷಿಕ:
ದುಬೈಯಲ್ಲಿರುವ ಅಳಿಯ ಕೊಟ್ಟ ಸ್ಮಾರ್ಟ್ ವಾಚು ಕಟ್ಟಿಕೊಂಡಿದ್ದೇನೆ. ಸಕ್ಕರೆ ಕಾಯಿಲೆ, ನಡೆಯಲೇಬೇಕೆಂದು ಡಾಕ್ಟರ ಅಪ್ಪಣೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕುಳಿತರೆ ಹೆಜ್ಜೆ ಸಾವಿರಗಟ್ಟಲೆ ಏರುತ್ತದೆ. ಹಟ್ಟಿಗೊಬ್ಬರ ತುಂಬಿದ ಕೈಗಾಡಿಯನ್ನು ಕೆಳಗಿನ ತೋಟದವರೆಗೆ ತಳ್ಳಿ ಬೆವರು ಸುರಿಸಿದರೆ ಲೆಕ್ಕಕ್ಕೇ ಇಲ್ಲ! ನಿನ್ನೆ ನಾನು ಕುಳಿತಲ್ಲೇ ‘ಗುರಿ ಮುಟ್ಟಿದಿರಿ’ ಎಂದು ಪರದೆಯಲ್ಲಿ ಪಟಾಕಿ ಹಾರಿಸಿತು. ಹೆಂಡತಿ ಇನ್ನೂ ನಗುತ್ತಿದ್ದಾಳೆ. ವಾಚು ಕೆಟ್ಟಿದೆಯೇ, ಎಲ್ಲವೂ ಹೀಗೆಯೇ?

ನೀರ್ಚಾಲು ಮಾಷ್ಟ್ರು:
ಕೆಟ್ಟಿಲ್ಲ ಭಾವ. ವಾಚಿಗೆ ನಿಮ್ಮ ಕಾಲಿನ ಸುದ್ದಿ ಗೊತ್ತಿಲ್ಲ, ಮಣಿಕಟ್ಟಿನ ಅಲುಗಾಟವಷ್ಟೇ ಗೊತ್ತು. ಒಂದೇ ಲಯದಲ್ಲಿ ಕೈ ಆಡಿದರೆ ನಡಿಗೆ. ಗಾಡಿಯ ಹಿಡಿಯಲ್ಲಿ ಕೈ ಬಿಗಿದಿದ್ದರೆ ವಿಶ್ರಾಂತಿ. ಸುಲಿಯುವಾಗ ಬಿಚ್ಚಿ ಮೊಳೆಗೆ ತೂಗುಹಾಕಿ, ಗಾಡಿ ತಳ್ಳುವಾಗ ಮೊಬೈಲನ್ನು ಚಡ್ಡಿಯ ಕಿಸೆಯಲ್ಲಿಟ್ಟು ಅದರಲ್ಲಿ ಎಣಿಸಿ. ತೋಟದೊಳಗೆ ದೂರದ ಲೆಕ್ಕವನ್ನೂ ನಂಬಬೇಡಿ. ಸೋಗೆಯಡಿಯಲ್ಲಿ ಜಿಪಿಎಸ್ ಸರಿಯಾಗಿ ಸಿಗದೆ ದಾರಿ ಅತ್ತಿತ್ತ ಹಾರುತ್ತದೆ. ಪೊಸಡಿಗುಂಪೆ ಗುಡ್ಡದ ಬೋಳು ನೆತ್ತಿಯಲ್ಲಿ ನನ್ನ ವಾಚಿಗೆ ಆ ತೊಂದರೆ ಇಲ್ಲ.

ಕುಂಬಳೆಯ ನರ್ಸಮ್ಮ:
ಹೆಜ್ಜೆ ಹಾಗಿರಲಿ ಅಣ್ಣಾ, ಕ್ಯಾಲೊರಿ ನಂಬಿ ಹೋಳಿಗೆ ತಿನ್ನಬೇಡಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಯ ಮೇಲೆ ಏಳು ಬಗೆಯ ಕೈಪಟ್ಟಿಗಳನ್ನು ಪರೀಕ್ಷಿಸಿದ್ದರು. ಎದೆಬಡಿತದಲ್ಲಿ ಆರರ ತಪ್ಪು ಶೇ. 5ರೊಳಗೆ. ಕ್ಯಾಲೊರಿಯಲ್ಲಿ ಇದ್ದುದರಲ್ಲಿ ಒಳ್ಳೆಯದೇ ಸರಾಸರಿ ಶೇ. 27 ತಪ್ಪಿತ್ತು, ತೀರಾ ಕೆಟ್ಟದ್ದು ಶೇ. 93! ಇನ್ನು ಎದೆಬಡಿತವೂ ಸರಿಬರಬೇಕಾದರೆ ಪಟ್ಟಿ ಸಡಿಲವಿರಬಾರದು. ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದಿಂದ ಎಷ್ಟು ಮರಳುತ್ತದೆಂದು ನೋಡಿ ಲೆಕ್ಕ ಹಾಕುವುದು. ಸಂದಿಯಲ್ಲಿ ಹೊರಬೆಳಕು ನುಗ್ಗಿದರೆ ಲೆಕ್ಕ ಕೆಟ್ಟಿತು. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳು ಮೇಲೆ ಕಟ್ಟಿ. ಅನುಮಾನವಿದ್ದರೆ ನಾಡಿ ಹಿಡಿದು 30 ಸೆಕೆಂಡು ಎಣಿಸಿ, ಇಮ್ಮಡಿ ಮಾಡಿ.

ಬದಿಯಡ್ಕದ ಕೃಷಿಕ:
ಹೋಳಿಗೆಯ ಸುದ್ದಿ ನಿಮಗೆ ಯಾರು ಹೇಳಿದರು? ಅಂದ ಹಾಗೆ ಇದರಲ್ಲಿ ರಕ್ತದ ಸಕ್ಕರೆಯೂ ಕಾಣಿಸುತ್ತದೆ. ಈಗ 110 ಇದೆ. ಪರವಾಗಿಲ್ಲ ತಾನೇ?

ಕುಂಬಳೆಯ ನರ್ಸಮ್ಮ:
ಅದನ್ನು ಮೊದಲು ಹೇಳಬಾರದಿತ್ತೇ! ಚುಚ್ಚದೆ ತಾನಾಗಿ ಸಕ್ಕರೆ ಅಳೆಯುವ ಯಾವ ವಾಚಿಗೂ ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ. ಆ 110 ನೋಡಿ ಮಾತ್ರೆ ಬಿಟ್ಟಿದ್ದೀರಾ? ಬಿಟ್ಟಿದ್ದರೆ ಇಂದೇ ಬೆರಳು ಚುಚ್ಚಿ ನೋಡಿ, ಡಾಕ್ಟರಿಗೆ ಫೋನ್ ಮಾಡಿ.