ಕಪ್ಪು ತುಡುವೆ, ಹಳದಿ ತುಡುವೆ: ಎರಡು ಉಪಜಾತಿಯೇ? ಕ್ಯೂಬಿಟಲ್ ಇಂಡೆಕ್ಸ್ ಒಂದು ಕಡೆ ನಿಲ್ಲುತ್ತಿಲ್ಲ

ಅಡಕೆತೋಟ:
ಶಿರಸಿ ಘಟ್ಟದ ಮೇಲಿನ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡಜೇನು, ಏಪಿಸ್ ಸೆರಾನಾ) ಪೆಟ್ಟಿಗೆಗಳಲ್ಲಿ ನೊಣ ಕಪ್ಪು. ಕುಮಟಾ ಕಡೆಯಿಂದ ತಂದ ಕುಟುಂಬಗಳಿಗೆ ಹಳದಿ ಪಟ್ಟೆ. ಬಾಗಿಲಲ್ಲಿ ಹಿಡಿದ ನೊಣಗಳ ರೆಕ್ಕೆಯನ್ನು ಗಾಜಿಗೆ ಅಂಟಿಸಿ, ಮೊಬೈಲ್ ಕ್ಲಿಪ್ ಲೆನ್ಸಿನಲ್ಲಿ ಫೋಟೋ ತೆಗೆದು, ಚಿತ್ರ ಅಳೆಯುವ ಸಾಫ್ಟ್‌ವೇರ್ ಇಮೇಜ್‌ಜೆಯಲ್ಲಿ ಅಳೆದಿದ್ದೇನೆ. ಒಂದೇ ಪೆಟ್ಟಿಗೆಯಲ್ಲಿ ಕ್ಯೂಬಿಟಲ್ ಇಂಡೆಕ್ಸ್ (ರೆಕ್ಕೆಯ ಒಂದು ನರದ ಎರಡು ತುಂಡುಗಳ ಅನುಪಾತ) 3.1ರಿಂದ 5.2ರ ತನಕ ಓಡುತ್ತದೆ. ರೆಕ್ಕೆಯ ಉದ್ದಕ್ಕೆ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸುವ ಲೆಕ್ಕ) ಹಾಕಿದರೆ ಕಪ್ಪು, ಹಳದಿ ಬೇರೆ ಎಂದೇ ಬರುತ್ತದೆ. ಇಷ್ಟು ಸಾಕೇ? ಸ್ಯಾಂಪಲ್ಲಿನ ಲೇಬಲ್ಲಿನಲ್ಲಿ ಏನು ಬರೆಯಬೇಕು?

ರೆಕ್ಕೆನರ:
ಮೊದಲು ಇಂಡೆಕ್ಸ್ ಸರಿಮಾಡಿ, ಉಪಜಾತಿಯ ಮಾತು ಆಮೇಲೆ. ಮುಂರೆಕ್ಕೆಯ ಮೂರನೇ ಕ್ಯೂಬಿಟಲ್ ಕೋಶದ (ನರಗಳು ಸುತ್ತುವರಿದ ಒಂದು ಮನೆ) ಕೆಳಗಿನ ನರಕ್ಕೆ ಇನ್ನೊಂದು ನರ ಬಂದು ಕೂಡಿ, ಅದನ್ನು ಎರಡು ತುಂಡು ಮಾಡುತ್ತದಲ್ಲ, ಉದ್ದದ ತುಂಡನ್ನು ಗಿಡ್ಡದರಿಂದ ಭಾಗಿಸಿದರೆ ಇಂಡೆಕ್ಸ್. ತುಡುವೆಯಲ್ಲಿ ಆ ಗಿಡ್ಡ ತುಂಡು ತೀರಾ ಗಿಡ್ಡ, ಎಡವಟ್ಟಾಗುವುದು ಅಲ್ಲೇ. ಉದ್ದದ್ದು 0.48 ಮಿ.ಮೀ., ಗಿಡ್ಡದ್ದು 0.12 ಎಂದಿಟ್ಟುಕೊಳ್ಳಿ, ಇಂಡೆಕ್ಸ್ 4. ಗಿಡ್ಡದ್ದನ್ನು 0.10 ಎಂದು ಓದಿದರೆ 4.8; 0.14 ಎಂದರೆ 3.4. ನಿಮ್ಮ ಚೆದುರಾಟದ ದೊಡ್ಡ ಪಾಲು ಇದೇ ಇರಬೇಕು.

ಕ್ಲಿಪ್ ಲೆನ್ಸ್ ಬಿಡಿ. ಅಂಚಿನಲ್ಲಿ ಚಿತ್ರ ಬಾಗುತ್ತದೆ, ಫೋನ್ ಸ್ವಲ್ಪ ವಾಲಿದರೂ ಅಳತೆ ತಪ್ಪುತ್ತದೆ. ಆಫೀಸಿನ ಫ್ಲಾಟ್‌ಬೆಡ್ ಸ್ಕ್ಯಾನರ್ 2400 ಡಿಪಿಐನಲ್ಲಿ ಸಾಕು: ಒಂದು ಪಿಕ್ಸೆಲ್ ಸುಮಾರು 0.0106 ಮಿ.ಮೀ., ಅಂದರೆ ಆ ಗಿಡ್ಡ ತುಂಡು 11 ಪಿಕ್ಸೆಲ್. 1200ಕ್ಕೆ ಇಳಿದರೆ ಆರೇ ಪಿಕ್ಸೆಲ್, ಒಂದು ತಪ್ಪಿದರೂ ಲೆಕ್ಕ ಕೆಟ್ಟಿತು. 4800 ಎಂದು ಡಬ್ಬಿಯ ಮೇಲೆ ಬರೆದಿದ್ದರೆ ನಂಬುವ ಮೊದಲು ಆಪ್ಟಿಕಲ್ ರೆಸಲ್ಯೂಶನ್ (ಸ್ಕ್ಯಾನರ್ ನಿಜಕ್ಕೂ ಹಿಡಿಯುವ ವಿವರ) ಎಷ್ಟೆಂದು ನೋಡಿ.

ಬಲರೆಕ್ಕೆ ಮಾತ್ರ ಬಳಸಿ, ಎಡ-ಬಲ ಬೆರೆಸಬೇಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟೇ ಸ್ಕ್ಯಾನ್ ಮಾಡಿ. ಅದೇ ಹತ್ತು ರೆಕ್ಕೆಗಳನ್ನು ಮರುದಿನ ಹಳೆಯ ಅಂಕಿ ನೋಡದೆ ಮತ್ತೆ ಅಳೆಯಿರಿ. ಎರಡು ಸಲದ ನಡುವಿನ ವ್ಯತ್ಯಾಸ, ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸದಷ್ಟೇ ಇದ್ದರೆ ಆ ಅಳತೆ ಉಪಯೋಗಕ್ಕಿಲ್ಲ. ಒಂದೇ ಇಂಡೆಕ್ಸಿಗೆ ಜೋತುಬೀಳುವುದಕ್ಕಿಂತ ನರಗಳು ಕೂಡುವ 19 ಬಿಂದುಗಳನ್ನು ಗುರುತಿಸಿ ಇಡೀ ರೆಕ್ಕೆಯ ಆಕಾರ ಹೋಲಿಸುವುದು ವಾಸಿ.

ಎರಿಮೇಣ:
ಸ್ಯಾಂಪಲ್ ತೆಗೆದ ಜಾಗವೂ ಸರಿಯಿಲ್ಲ. ಬಾಗಿಲಲ್ಲಿ ಪಕ್ಕದ ಪೆಟ್ಟಿಗೆಯಿಂದ ದಾರಿ ತಪ್ಪಿ ಬಂದ ನೊಣವೂ ಸಿಗುತ್ತದೆ. ರಾಣಿ ಮೊಟ್ಟೆಯಿಡುವ ಸಂಸಾರ ಕೋಣೆಯ ಮರಿ ಎರಿಯ ಮೇಲಿನ 20 ಕೆಲಸಗಾರ ನೊಣ ತೆಗೆದು ಫ್ರೀಜರಿನಲ್ಲಿಡಿ. ಆಗಷ್ಟೇ ಹೊರಬಂದ ಮಾಸಲು ನೊಣ ಬೇಡ, ಅದರ ಬಣ್ಣ ಇನ್ನೂ ಕೂತಿರುವುದಿಲ್ಲ.

ಬಣ್ಣದ ವಿಷಯ. ರಾಣಿ ಹತ್ತಕ್ಕೂ ಹೆಚ್ಚು ಗಂಡುನೊಣಗಳ ಜೊತೆ ಕೂಡುತ್ತದೆ, ಹಾಗಾಗಿ ಒಂದೇ ತಾಯಿ, ಹಲವು ತಂದೆ. ಒಂದೇ ಎರಿಯಲ್ಲಿ ಕಪ್ಪೂ ಹಳದಿಯೂ ಕಂಡರೆ ಬೆರಗು ಬೇಡ. ಮೇಲಾಗಿ ಪ್ಯೂಪಾ ಹಂತದಲ್ಲಿ ತಂಪು ತಗುಲಿದರೆ ನೊಣ ಕಪ್ಪಾಗುತ್ತದೆ. ಹಳೆಯ ಎರಿಯ ಕೋಶಗಳು ಒಳಗಿನ ಪೊರೆಯಿಂದ ಕಿರಿದಾಗಿ ನೊಣ ಸಣ್ಣದಾಗುವುದೂ ಉಂಟು.

ಪರೀಕ್ಷೆ ಸುಲಭ: ಕುಮಟಾದ ಹಳದಿ ರಾಣಿಯನ್ನು ಘಟ್ಟದ ಮೇಲೆ ಹೊಸ ಎರಿ ಇರುವ ಪೆಟ್ಟಿಗೆಗೆ ಕೊಡಿ. ಎರಡು ತಿಂಗಳು ಬಿಟ್ಟರೆ ಬಹುಪಾಲು ಅದರ ಮಕ್ಕಳೇ ಇರುತ್ತವೆ. ಆಗಲೂ ಹಳದಿಯಾಗಿಯೇ ಇದ್ದರೆ ಬಣ್ಣ ಹುಟ್ಟಿನಿಂದ ಬಂದದ್ದು. ಕಪ್ಪಾದರೆ ಹವೆಯ ಕೆಲಸ.

ಅಡಕೆತೋಟ:
ಸರಿ, ಆದರೆ ಟಿ-ಟೆಸ್ಟ್ ಸುಳ್ಳು ಹೇಳುತ್ತದೆಯೇ?

ರೆಕ್ಕೆನರ:
ಸುಳ್ಳಲ್ಲ, ನೀವು ಕೇಳಿದ ಪ್ರಶ್ನೆಯೇ ಬೇರೆ. ಸರಾಸರಿ ಬೇರೆಯೇ ಎಂದಷ್ಟೇ ಅದು ನೋಡುತ್ತದೆ. ನೊಣ ಹೆಚ್ಚಿಸುತ್ತ ಹೋದರೆ ಎಳ್ಳಷ್ಟು ವ್ಯತ್ಯಾಸವೂ ಸಿಕ್ಕಿಬೀಳುತ್ತದೆ. ಅಲ್ಲದೆ ಮೂರು ಪೆಟ್ಟಿಗೆಯ 60 ನೊಣ ಅಂದರೆ 60 ಸ್ವತಂತ್ರ ಮಾದರಿ ಅಲ್ಲ, ಮೂರು; ಒಂದು ಪೆಟ್ಟಿಗೆಯವೆಲ್ಲ ಒಂದೇ ತಾಯಿಯ ಮಕ್ಕಳು. ಒಂದೇ ಕುಟುಂಬ ಪಾಲು ಮಾಡಿದ ಪೆಟ್ಟಿಗೆಗಳಾದರೆ ಅಷ್ಟೂ ಇಲ್ಲ. ಉಪಜಾತಿಗೆ ಬೇಕಾದದ್ದು ಬಿಡಿ ಮಾದರಿ ನೋಡಿ ಇದು ಎಲ್ಲಿಯದು ಎಂದು ಹೇಳುವ ಶಕ್ತಿ. ಹಳೆಯ 75 ಪ್ರತಿಶತ ನಿಯಮ ಅದೇ: ಒಂದು ಗುಂಪಿನ ಮುಕ್ಕಾಲು ಪಾಲು, ಇನ್ನೊಂದರ ಬಹುತೇಕ ಎಲ್ಲದರಿಂದ ಬೇರೆ ಕಾಣಬೇಕು. ಲೆಕ್ಕ ಹೀಗೆ: ಸರಾಸರಿಗಳ ವ್ಯತ್ಯಾಸವನ್ನು ಎರಡೂ ಗುಂಪಿನ, ಅಳತೆ ಸರಾಸರಿಯಿಂದ ಎಷ್ಟು ಚೆದುರಿದೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಶನ್‌ಗಳ ಮೊತ್ತದಿಂದ ಭಾಗಿಸಿ. 1.28 ದಾಟಬೇಕು. ಉದಾಹರಣೆಗೆ ರೆಕ್ಕೆ 7.60 ಮತ್ತು 7.85 ಮಿ.ಮೀ., ಡೀವಿಯೇಶನ್ 0.14 ಮತ್ತು 0.15 ಆದರೆ 0.25 ÷ 0.29 = 0.86. ಟಿ-ಟೆಸ್ಟ್ ಪಾಸು, ಉಪಜಾತಿ ಫೇಲು.

ಗಡಿಜೇನು:
ಇಷ್ಟೆಲ್ಲ ಆದಮೇಲೂ ಮುಖ್ಯ ಪ್ರಶ್ನೆ ಉಳಿದಿದೆ: ನಡುವೆ ಏನಿದೆ? ಕುಮಟಾ ಮತ್ತು ಶಿರಸಿ ಎರಡು ತುದಿ. ದೇವಿಮನೆ ಘಟ್ಟದ ದಾರಿಯುದ್ದಕ್ಕೂ ಮರದ ಪೊಟರೆಯ ಕಾಡು ಕುಟುಂಬಗಳಿಂದ ಸ್ಯಾಂಪಲ್ ತೆಗೆಯಿರಿ, ತಂದಿಟ್ಟ ಪೆಟ್ಟಿಗೆಗಳಿಂದ ಬೇಡ. ಎತ್ತರದ ಜೊತೆ ಅಳತೆ ಮೆಲ್ಲಗೆ ಬದಲಾದರೆ ಅದು ಇಳಿಜಾರಿನ ವೈವಿಧ್ಯ, ಎಲ್ಲಿ ಗೆರೆ ಎಳೆದರೂ ನಿಮ್ಮ ಇಷ್ಟ ಅಷ್ಟೇ. ಒಂದು ಕಡೆ ಥಟ್ಟನೆ ಬದಲಾಗಿ, ಆ ಸೆರಗಿನಲ್ಲಿ ಮಾತ್ರ ಬೆರಕೆ ಕಂಡರೆ ಉಪಜಾತಿಯ ವಾದ ಗಟ್ಟಿ. ಒಂದೇ ಕಾಡಿನಲ್ಲಿ ಎರಡೂ ಇದ್ದು ಬೆರೆಯುವುದೇ ಇಲ್ಲವೆಂದಾದರೆ ಅದು ಉಪಜಾತಿಯ ಮಾತೇ ಅಲ್ಲ, ಬೇರೆ ಜಾತಿ.

ಇದು ಬರೀ ತರ್ಕವಲ್ಲ. ದಕ್ಷಿಣ ಭಾರತದ ಬಯಲಿನ ಹಳದಿ ತುಡುವೆಯನ್ನು ಏಪಿಸ್ ಇಂಡಿಕಾ ಎಂಬ ಬೇರೆ ಜಾತಿಯಾಗಿಯೇ ಎಣಿಸಬೇಕೆಂದು 2010ರ ಒಂದು ಡಿಎನ್‌ಎ ಅಧ್ಯಯನ ವಾದಿಸಿತು. ಪಶ್ಚಿಮಘಟ್ಟದ ಕಪ್ಪು ನೊಣಕ್ಕೆ 2022ರಲ್ಲಿ ಏಪಿಸ್ ಕರಿಂಜೋಡಿಯನ್ ಎಂಬ ಹೆಸರು ಬಂತು. ಅದಕ್ಕೆ ಮೊದಲು, 1988ರಲ್ಲಿ ಜೇನುನೊಣ ತಜ್ಞ ರುಟ್ನರ್ ಇಡೀ ಸೆರಾನಾವನ್ನು ನಾಲ್ಕು ಉಪಜಾತಿ ಮಾಡಿದ್ದರು. 2010ರಲ್ಲೇ ಇನ್ನೊಂದು ತಂಡ ಏಷ್ಯಾದುದ್ದಕ್ಕೂ ಅಳೆದು, ಆರು ಗುಂಪು ಮಾಡಿ, ಉಪಜಾತಿಯ ಹೆಸರಿಡದೆ ಬಿಟ್ಟಿತು. ನನಗೆ ಆ ಸಂಯಮ ಹಿಡಿಸುತ್ತದೆ.

ಪೆಟ್ಟಿಗೆ ಇರುವವರಿಗೆ ಒಳ್ಳೆಯ ಕೆಲಸವೆಂದರೆ ಗಂಡುನೊಣ ನೋಡುವುದು. ಕಪ್ಪು, ಹಳದಿ ಪೆಟ್ಟಿಗೆ ಅಕ್ಕಪಕ್ಕ ಇಟ್ಟು, ಗಂಡುನೊಣ ಹೊರಡುವ ಹೊತ್ತನ್ನು ಮಧ್ಯಾಹ್ನದಿಂದ ಹತ್ತು ಹತ್ತು ನಿಮಿಷಕ್ಕೆ ಎಣಿಸಿ. ಗಂಡುಕೋಶದ ಮುಚ್ಚಳದ ನಡುವೆ ರಂಧ್ರವಿದೆಯೇ ನೋಡಿ. ಇಂಡೋನೇಷ್ಯಾದ ಸುಲಾವೇಸಿಯಲ್ಲಿ ಸೆರಾನಾ ಮತ್ತು ಅದನ್ನೇ ಹೋಲುವ ಏಪಿಸ್ ನೈಗ್ರೊಸಿಂಕ್ಟಾ ಬೇರೆ ಜಾತಿ ಎಂದು ಖಚಿತವಾದದ್ದು ಇಂಥ ಸಂಗತಿಗಳಿಂದಲೇ: ಹಾರುವ ಹೊತ್ತು ಬೇರೆ, ಸೆರಾನಾದ ಮುಚ್ಚಳಕ್ಕೆ ರಂಧ್ರವಿದೆ, ಮತ್ತೊಂದಕ್ಕಿಲ್ಲ.

ಡಿಎನ್‌ಎಗೆ ಕಳಿಸುವುದಿದ್ದರೆ ನೊಣ 95 ಪ್ರತಿಶತ ಎಥನಾಲ್‌ನಲ್ಲಿರಲಿ, ಅಳತೆಗೆ 70 ಸಾಕು. ಮೈಟೊಕಾಂಡ್ರಿಯಾದ ಡಿಎನ್‌ಎ ಫಲಿತಾಂಶ ಒಂದನ್ನೇ ನಂಬಬೇಡಿ. ಅದು ರಾಣಿಯಿಂದ ಮಾತ್ರ ಬರುವುದರಿಂದ ಗಂಡುನೊಣ ತಂದ ಬೆರಕೆ ಅದರಲ್ಲಿ ಕಾಣದು.

ಲೇಬಲ್ಲಿಗೆ ಸದ್ಯಕ್ಕೆ: ಏಪಿಸ್ ಸೆರಾನಾ ಗುಂಪು, ಬಣ್ಣ, ಊರು, ಎತ್ತರ, ತಾರೀಕು, ಪೆಟ್ಟಿಗೆ ನಂಬರು, ರಾಣಿ ಎಲ್ಲಿಯದು. ಪೆನ್ಸಿಲ್ಲಿನಲ್ಲೇ ಬರೆಯಿರಿ, ಎಥನಾಲ್ ತಾಗಿದರೆ ಬಾಲ್‌ಪೆನ್ನಿನ ಶಾಯಿ ಅಳಿಸುತ್ತದೆ.