ಅಪ್‌ಡೇಟ್: ಗೈಡ್ ನಿವೃತ್ತರಾದರೆ ನನ್ನ ಪಿಎಚ್‌ಡಿ ಕಥೆ ಏನು?

ಗೈಡ್ ಮೇಡಂ ನಿವೃತ್ತರಾಗ್ತಿದ್ದಾರೆ, ಪಿಎಚ್‌ಡಿ ಮತ್ತೆ ಮೊದಲಿಂದ ಶುರು ಮಾಡಬೇಕಾ ಅಂತ ಕೇಳಿದ್ದೆ. ಬೇಕಿಲ್ಲ! ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮಾವಳಿ ಪ್ರಕಾರ ನಿವೃತ್ತಿಯ ನಂತರವೂ ಅವರು 70 ವರ್ಷ ತುಂಬುವವರೆಗೆ ಸಹ-ಮಾರ್ಗದರ್ಶಕರಾಗಿ ಇರಬಹುದು. ವಿಭಾಗದ ಇನ್ನೊಬ್ಬ ಪ್ರೊಫೆಸರ್ ಗೈಡ್ ಆಗಲು ಒಪ್ಪಿದ್ದಾರೆ. ಅವರ ಬಳಿ ಜಾಗ ಇದೆಯಾ ಅನ್ನೋದೇ ದೊಡ್ಡ ಆತಂಕವಾಗಿತ್ತು, ಯಾಕಂದ್ರೆ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಸಂಶೋಧಕರ ಮಿತಿ. ಸದ್ಯ, ಇತ್ತು.

ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಗೆ ಕೊಟ್ಟಿದ್ದ ಪ್ರಗತಿ ವರದಿಗಳು ಕೈಹಿಡಿದವು. ಹೊಸ ಸರ್ ಅವನ್ನೇ ಓದಿ, ವಿಷಯ ಬದಲಿಸೋದು ಬೇಡ ಅಂದರು. ಇದೇ ಸ್ಥಿತಿಯಲ್ಲಿರುವವರು ದಯವಿಟ್ಟು ಕೊನೇ ತಿಂಗಳವರೆಗೆ ಕಾಯಬೇಡಿ, ಈಗಲೇ ವಿಭಾಗದ ಮುಖ್ಯಸ್ಥರಿಗೆ ಅರ್ಜಿ ಕೊಡಿ. ನನ್ನ ಗೈಡ್ ಬದಲಾವಣೆಯ ಆದೇಶ ಮುಂದಿನ ಸಭೆಯಲ್ಲಿ ಆಗುತ್ತಂತೆ.